ಬೈದರೆ ಕೇಳಿಸಬೇಕು

ಆದಿನಾರಾಯಣ ಹೆಂಡತಿಯ ಮೇಲೆ ಹೊತ್ತುಗೊತ್ತಿಲ್ಲದೆ ಕೂಗಾಡುತ್ತಾನೆ ಅಂತ ರಾಯದುರ್ಗದ ಆ ಓಣಿಯಲ್ಲಿ ಮಾತಿತ್ತು. ಹೊಸದಾಗಿ ಬಾಡಿಗೆಗೆ ಬಂದವರಂತೂ ಮೊದಮೊದಲು ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. "ನಳದಾಗ ನೀರು ಬಂದಾವ, ಕೊಡ ಇಡು!" "ಸಾರಿಗೆ ಉಪ್ಪು ಹಾಕಿಯೇನು?" ಇಷ್ಟನ್ನೇ ಆತ ಕತ್ತಿನ ನರ ಉಬ್ಬಿಸಿ ಒದರುವುದನ್ನು ಕೇಳಿ, ಇಷ್ಟು ಚಿಕ್ಕ ಮಾತಿಗೂ ಎಂಥ ಸಿಟ್ಟಪ್ಪ ಈ ಮನುಷ್ಯನಿಗೆ ಅಂದುಕೊಂಡು ಒಳಗೆ ಹೋಗುತ್ತಿದ್ದರು.

ನಿಜ ನೋಡಿದರೆ ಆದಿನಾರಾಯಣನಷ್ಟು ಮೆತ್ತನೆಯ ಮನುಷ್ಯ ಆ ಓಣಿಯಲ್ಲಿ ಇನ್ನೊಬ್ಬನಿರಲಿಲ್ಲ. ಹುಟ್ಟಿನಿಂದಲೂ ಅವನದು ಸಣ್ಣ ದನಿ. ಹೆಣ್ಣು ನೋಡಲು ಹೋದಾಗ "ಹೆಸರೇನು?" ಅಂತ ಅವನು ಕೇಳಿದ್ದು ಪಕ್ಕದಲ್ಲಿ ಕೂತ ಮಾವನಿಗೇ ಕೇಳಿಸಿರಲಿಲ್ಲವಂತೆ. ಚಾಪೆಯ ಆ ತುದಿಯಲ್ಲಿದ್ದ ಹುಡುಗಿ ಮಾತ್ರ ತಲೆ ಎತ್ತದೆಯೇ "ಬನಶಂಕರಿ" ಅಂದಿದ್ದಳು. ಅಷ್ಟು ಚುರುಕಾದ ಕಿವಿ ಆಗ ಅವಳದು.

ಮಡಕಶಿರಾ ಕಡೆಯ, ಗುಡಿಬಂಡೆ ಹತ್ತಿರದ ಹಳ್ಳಿಯಿಂದ ರಾಯದುರ್ಗಕ್ಕೆ ಬಂದ ಆ ಹುಡುಗಿ ಈಗ ಅರವತ್ತರ ಹತ್ತಿರದ ಬನಶಂಕರಮ್ಮ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಮಶೀನುಗಳು. ಬಳ್ಳಾರಿಯ ವ್ಯಾಪಾರಿಗಳು ಬಟ್ಟೆ ಕತ್ತರಿಸಿ ಕಳಿಸುತ್ತಿದ್ದರು, ಇಲ್ಲಿ ಹೊಲಿದು ತಿರುಗಿ ಕಳಿಸುವುದು. ಗಂಡ ಜಿಪ್ಪು, ಜೇಬು ಕೂರಿಸಿದರೆ ಹೆಂಡತಿಯದು ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಶೀನು. ಅದರ ಗರ್ರೆನ್ನುವ ಸದ್ದಿನ ಪಕ್ಕದಲ್ಲೇ ಅವಳ ಪ್ರಾಯ ಕಳೆದಿತ್ತು. ಇಷ್ಟು ವರ್ಷ ಇಲ್ಲಿದ್ದರೂ ಬಾಯಿಂದ ತವರಿನ ಮಾತು ಹೋಗಿರಲಿಲ್ಲ. ಗಂಡ "ಐತಿ" ಅಂದರೆ ಅವಳು "ಐತೆ" ಅನ್ನುವಳು. ಗಂಡ "ಯಾಕ" ಅಂದರೆ ಅವಳು "ಯಾಕೆ" ಅಂತ ಎಳೆಯುವಳು.

ಕಿವಿ ಯಾವಾಗ ಮಂದವಾಯಿತೋ ಅವಳಿಗೇ ತಿಳಿಯದು. ಮೊದಲು ಜನ ಗೊಣಗುತ್ತಾರೆ ಅನ್ನಿಸಿತು. ಆಮೇಲೆ, ಈಗಿನವರಿಗೆ ಬಾಯಿ ಬಿಟ್ಟು ಮಾತಾಡುವುದೇ ಬರುವುದಿಲ್ಲ ಅನ್ನಿಸಿತು. ಕೊರೋನಾ ಬಂದು ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡಾಗಲೇ ಅವಳಿಗೆ ಹೊಳೆದದ್ದು. ಇಷ್ಟು ದಿನ ತಾನು ಮಾತು ಕೇಳುತ್ತಿದ್ದದ್ದು ಕಿವಿಯಿಂದಲ್ಲ, ಎದುರಿನವರ ತುಟಿ ನೋಡಿ. ಹೊಳೆದದ್ದನ್ನು ಯಾರಿಗೂ ಹೇಳಲಿಲ್ಲ. ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ನಗುತ್ತಾ ತಲೆಯಾಡಿಸುವುದು ಸುಲಭವಿತ್ತು. ಯಾರು ಏನೇ ಹೇಳಲಿ, "ಹೂಂ", "ಹೌದಾ?", "ಅಯ್ಯೋ ಬಿಡು". ಈ ಮೂರರಲ್ಲಿ ಒಂದನ್ನು ಮುಖ ನೋಡಿ ಆರಿಸಿಕೊಳ್ಳುತ್ತಿದ್ದಳು. ಬಹಳ ಸಲ ಸರಿಹೋಗುತ್ತಿತ್ತು.

ಗಂಡನೊಬ್ಬನಿಗೆ ಗೊತ್ತಿತ್ತು. "ಒಮ್ಮೆ ಡಾಕ್ಟರಿಗೆ ತೋರಿಸಣೇನು?" ಅಂತ ಆತ ಎರಡು ಮೂರು ಸಲ ಕೇಳಿದ್ದ.

"ಯಾಕೆ? ನಂಗೇನಾಗೈತೆ? ಈ ಮಶೀನ್ ಸದ್ದಲ್ಲಿ ಯಾರಿಗೆ ಕೇಳ್ಸುತ್ತೆ? ನೀವು ಒಸಿ ಗಟ್ಟಿ ಮಾತಾಡಿ" ಅಂದುಬಿಟ್ಟಿದ್ದಳು.

ಆತ ಗಟ್ಟಿಯಾಗಿ ಮಾತಾಡಲು ಶುರುಮಾಡಿದ. ಓಣಿಯಲ್ಲಿ ಹೆಸರು ಕೆಡಿಸಿಕೊಂಡ. ಗಂಟಲು ಕೆಟ್ಟು ಬಿಸಿನೀರು, ಮಿಠಾಯಿ ಗುಳಿಗೆ ಅಂತ ತಿರುಗಿದ. ಆದರೆ ಕಿವಿಯ ಮಾತು ಮತ್ತೆ ಎತ್ತಲಿಲ್ಲ.

ಕಷ್ಟ ಇದ್ದದ್ದು ಫೋನಿನಲ್ಲಿ. ಫೋನಿಗೆ ತುಟಿಯಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ತವರಿನಿಂದ ತಮ್ಮ ಶಿವರಾಮ ಫೋನ್ ಮಾಡುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರು ಅಂದರೆ ಈ ತಮ್ಮ, ಅವನ ಹೆಂಡತಿ ರಂಗಕ್ಕ. ರಂಗಕ್ಕ ಬರೀ ನಾದಿನಿಯಲ್ಲ, ಅದೇ ಹಳ್ಳಿಯಲ್ಲಿ ಜೊತೆಗೇ ಕುಂಟೆಬಿಲ್ಲೆ ಆಡಿ ಬೆಳೆದವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಇಬ್ಬರೂ ಒಂದು ಕಾಲದಲ್ಲಿ ಫೋನು ಬಿಸಿಯಾಗಿ ಕಿವಿ ಸುಡುವವರೆಗೆ ಮಾತಾಡುತ್ತಿದ್ದರು. ಈಚೀಚೆಗೆ ಬನಶಂಕರಮ್ಮ ಒಂದು ಉಪಾಯ ಕಂಡುಕೊಂಡಿದ್ದಳು. ತಾನೇ ಬಿಡುವಿಲ್ಲದೆ ಮಾತಾಡಿ, ಅವರಿಗೆ ಮಾತಾಡಲು ಎಡೆ ಕೊಡದೆ, "ಸರಿ ಇಡ್ತೀನಿ, ಹಾಲು ಉಕ್ತೈತೆ" ಅಂತ ಮುಗಿಸುವುದು.

ಆ ಭಾನುವಾರವೂ ಶಿವರಾಮನ ಫೋನ್ ಬಂತು. ದನಿ ಎಂದಿನಂತಿರಲಿಲ್ಲ, ಏರಿತ್ತು, ನಡುಗುತ್ತಿತ್ತು.

"ಅಕ್ಕಾ, ರಂಗಿ ಬಿದ್ದವ್ಳೆ ಕಣಕ್ಕ!"

ಬನಶಂಕರಮ್ಮನ ಕಿವಿಗೆ ಬಿದ್ದದ್ದು "ಗೆದ್ದವ್ಳೆ" ಅಂತ. ಊರಿನ ಹೆಂಗಸರ ಉಳಿತಾಯದ ಡ್ವಾಕ್ರಾ ಸಂಘಕ್ಕೆ ರಂಗಕ್ಕ ಲೀಡರ್ ಆಗಲು ನಿಂತಿದ್ದಾಳೆ ಅಂತ ಹಿಂದಿನ ತಿಂಗಳು ಹೇಗೋ ತಿಳಿದಿತ್ತು. ತಮ್ಮನ ದನಿ ನಡುಗುತ್ತಿರುವುದು ಸಂತೋಷಕ್ಕೇ ಅಂದುಕೊಂಡಳು. ಅವಳಿಗೂ ಹಿಗ್ಗು ತಡೆಯಲಾಗಲಿಲ್ಲ.

"ಒಳ್ಳೇದಾಯ್ತು ಬಿಡ್ಲಾ ಶಿವ! ಹಿಂಗೇ ಆಗ್ತೈತೆ ಅಂತ ನಂಗೆ ಅವತ್ತೇ ಗೊತ್ತಿತ್ತು. ದೇವ್ರು ಕಣ್ಣು ಬಿಟ್ಟ! ಊರಿಗೆಲ್ಲ ಸಕ್ರೆ ಹಂಚು!"

"ಏನಂದೆ ಅಕ್ಕಾ?" ಅಂದ ಶಿವರಾಮ.

"ಸಕ್ರೆ ಹಂಚು ಅಂದೆ ಕಣ್ಲಾ! ಇಷ್ಟಕ್ಕೇ ನಿಲ್ಬಾರ್ದು, ಇನ್ನೂ ಐತೆ ಮುಂದಕ್ಕೆ ಅಂತ ನಾನು ಹೇಳ್ದೆ ಅಂತ ಹೇಳು ಅವ್ಳಿಗೆ."

ಫೋನ್ ಕಟ್ಟಾಯಿತು. ಸಿಗ್ನಲ್ ಹೋಯಿತೇನೋ ಅಂದುಕೊಂಡ ಬನಶಂಕರಮ್ಮ ಗಂಡನನ್ನು ಬೇಕರಿಗೆ ಕಳಿಸಿ ಪೇಡೆ ತರಿಸಿದಳು. ಮರುದಿನ ಹೊಲಿಗೆ ಕೆಲಸಕ್ಕೆ ಬಂದ ದುರ್ಗಾಳಿಗೆ, ಪಕ್ಕದ ಮನೆಯವರಿಗೆ, ನೀರಿನ ಟ್ಯಾಂಕರಿನವನಿಗೆ ಸಹ ಒಂದೊಂದು ಕೈಗಿಟ್ಟು, "ನಮ್ಮ ನಾದಿನಿ ಗೆದ್ದವ್ಳೆ" ಅಂದಳು.

ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಿಜ ಹೇಳಬೇಕೆಂದರೆ ಮೊದಲ ಸಲ ಅವಳಿಗೆ ಹಗುರವೇ ಆಯಿತು. ಫೋನಿಗೆ ಕಿವಿ ಒತ್ತಿ ಹಿಡಿದು, ಹಣೆ ಬೆವರಿಸಿಕೊಂಡು ಊಹೆ ಮಾಡುವ ಕಷ್ಟ ತಪ್ಪಿತಲ್ಲ. ಆಮೇಲೆ ಆ ಹಗುರಕ್ಕೇ ನಾಚಿಕೆಯಾಯಿತು. ಲೀಡರಮ್ಮನಿಗೆ ಈಗ ನಮ್ಮ ನೆನಪೆಲ್ಲಿ ಬರಬೇಕು ಅಂತ ಸಣ್ಣದೊಂದು ಮುನಿಸೂ ಹುಟ್ಟಿತು.

ಸಂಗತಿ ಗೊತ್ತಾದದ್ದು ವಾಣಿಶ್ರೀ ಬಂದಾಗ. ಶಿವರಾಮನ ಮಗಳು ವಾಣಿಶ್ರೀಯನ್ನು ಬೊಮ್ಮನಹಾಳ್‌ಗೆ ಕೊಟ್ಟಿತ್ತು. ಸಂತೆಗೆ ರಾಯದುರ್ಗಕ್ಕೆ ಬಂದಾಗಲೆಲ್ಲ ಅತ್ತೆಯ ಮನೆಗೆ ಬಂದು, ಅಡುಗೆಮನೆಗೆ ನೇರ ನುಗ್ಗಿ, ಡಬ್ಬಿ ತೆಗೆದು ತಿನ್ನುವ ಹುಡುಗಿ. ಅಂದು ಹೊಸಿಲ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಕಾಫಿ ಬೇಡವೆಂದು ಕೈಯಾಡಿಸಿದಳು.

"ಯಾಕವ್ವ, ಮೈಯಾಗ ಆರಾಮಿಲ್ಲೇನು?" ಅಂತ ಆದಿನಾರಾಯಣ ಕೇಳಿದ.

ವಾಣಿಶ್ರೀ ಅವನನ್ನು ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡುತ್ತಾ, ಒಂದೊಂದು ಮಾತನ್ನೂ ಹಲ್ಲು ಕಚ್ಚಿ ಬಿಡಿಸಿ ಹೇಳಿದಳು. ಸಿಟ್ಟಿನಿಂದ ಅಗಲವಾಗಿ ಬಿಚ್ಚಿದ ಆ ತುಟಿಗಳಿಂದ ಬನಶಂಕರಮ್ಮನಿಗೆ ಒಂದಕ್ಷರವೂ ತಪ್ಪಲಿಲ್ಲ.

"ನಮ್ಮಮ್ಮ ರೇಷ್ಮೆ ಹುಳದ ಮನೆ ಮೆಟ್ಟಿಲ ಮೇಲೆ ಸೊಪ್ಪು ಹೊತ್ಕೊಂಡು ಜಾರಿ ಬಿದ್ದು ಕಾಲು ಮುರ್ಕೊಂಡ್ಲು. ಅಪ್ಪ ಆಸ್ಪತ್ರೆಯಿಂದ ಅಳ್ತಾ ನಿಮ್ಗೆ ಫೋನ್ ಮಾಡಿದ್ರೆ, ಒಳ್ಳೇದಾಯ್ತು, ಸಕ್ರೆ ಹಂಚು ಅಂದ್ರಂತೆ. ಇನ್ನೂ ಐತೆ ಮುಂದಕ್ಕೆ ಅಂದ್ರಂತೆ. ನಮ್ಮಮ್ಮ ನಿಮಗೇನು ಮಾಡಿದ್ಲು ಅತ್ತೆ?"

ಹುಟ್ಟಿದಾಗಿನಿಂದ "ನೀನು" ಅನ್ನುತ್ತಿದ್ದ ಹುಡುಗಿ ಅಂದು "ನೀವು" ಅಂದಳು. ಬನಶಂಕರಮ್ಮನಿಗೆ ಕಾಲು ಮುರಿದ ಸುದ್ದಿಗಿಂತ ಮೊದಲು ನೆಟ್ಟದ್ದು ಅದು.

ಕೇಳಿಸಲಿಲ್ಲ ಕಣಮ್ಮ ಅಂತ ಒಂದು ಮಾತು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮುಚ್ಚಿಟ್ಟು ಮುಚ್ಚಿಟ್ಟು ಆ ಮಾತು ಗಂಟಲಿನಿಂದ ಹೊರಗೆ ಬರುವ ದಾರಿಯನ್ನೇ ಮರೆತಿತ್ತು. ಬನಶಂಕರಮ್ಮ ಕೇಳಿದ್ದು ಇಷ್ಟೇ. "ಯಾವ ಕಾಲು?"

"ಎಡಗಾಲು" ಅಂದು ವಾಣಿಶ್ರೀ ಎದ್ದು ಹೋದಳು.

ಆದಿನಾರಾಯಣ ಮಶೀನು ಬಿಟ್ಟು ಎದ್ದ. ಪೇಡೆ ತಂದವನು ಅವನೇ, ಎರಡು ತಿಂದಿದ್ದ ಕೂಡ. ಆಮೇಲೆ ಹೆಂಡತಿಯ ಎದುರಿಗೆ ಬಂದು ಕೂತು, ಅವಳಿಗೆ ಕಾಣುವಂತೆ ಮುಖ ಎತ್ತಿ, "ನಾನು ಫೋನ್ ಹಚ್ಚತೀನಿ ಶಂಕ್ರಿ. ಹಿಂಗಿಂಗಾತು ಅಂತ ಶಿವರಾಮಗ ನಾನೇ ಹೇಳ್ತೀನಿ" ಅಂದ.

"ಬ್ಯಾಡ."

"ಯಾಕ?"

"ಅಂದಿದ್ದು ನಾನು, ನಾನೇ ಹೋಗ್ತೀನಿ. ರಂಗಿ ಬೈತಾಳೆ. ಬೈಬೇಕು ಅವ್ಳು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರೆ ಅವ್ಳು ಬೈಯೋದೂ ನಂಗೆ ಕೇಳಿಸ್ದೆ, ಅದಕ್ಕೂ ನಾನು ಹೂಂ ಅಂತ ನಕ್ಕೊಂಡು ಕೂತ್ರೆ? ಬೈದ್ರೆ ಕೇಳಿಸ್ಬೇಕು ಕಣ್ರೀ. ಮೊದ್ಲು ಕಿವಿ ತೋರ್ಸಿ."

ಆದಿನಾರಾಯಣ ಮರುದಿನವೇ ಪೇಟೆಗೆ ಹೋಗಿ, ರೇಡಿಯೋ, ಚಾರ್ಜರು ಮಾರುವ ಅಂಗಡಿಯಿಂದ ಕಿವಿಗೆ ಹಾಕುವುದೊಂದನ್ನು ತಂದ. ತಾನೇ ಮುಂದೆ ನಿಂತು ಹೆಂಡತಿಯ ಕಿವಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದ. ಕುಯ್ಯ್ ಅಂತ ಸೀಟಿ ಹೊಡೆಯಿತು. ಕಡಿಮೆ ಮಾಡಿದರೆ ಏನೂ ಇಲ್ಲ, ಹೆಚ್ಚು ಮಾಡಿದರೆ ಓವರ್‌ಲಾಕ್ ಮಶೀನು ತಲೆಯೊಳಗೇ ಓಡಿದ ಹಾಗೆ. ಗಂಡನ ಮಾತು ಮೊದಲೆಷ್ಟು ಅಸ್ಪಷ್ಟವೋ ಅಷ್ಟೇ ಅಸ್ಪಷ್ಟವಾಗಿ, ಆದರೆ ಭಯಂಕರ ದೊಡ್ಡದಾಗಿ ಕೇಳಿಸಿತು. ಸಂಜೆಗೆ ಅದನ್ನು ಕಿತ್ತು ಗಂಡನ ಕೈಗಿಟ್ಟು, "ಇದ್ಕಿಂತ ನೀವು ಒದ್ರೋದೇ ವಾಸಿ" ಅಂದಳು. ಆತ ಬಳ್ಳಾರಿ ಬಸ್ಸಿನ ಹೊತ್ತು ವಿಚಾರಿಸಿ ಬಂದ.

ಬಳ್ಳಾರಿಯಲ್ಲಿ ಕಿವಿ ಡಾಕ್ಟರು ಬೆಳಕು ಬಿಟ್ಟು ನೋಡಿ, ಒಳಗೆ ಗಟ್ಟಿಯಾಗಿ ಕೂತಿದ್ದ ಗುಗ್ಗೆ ತೆಗೆದು, ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅಂತ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಮಾಧವಿ ಮೇಡಂ, ವಾಣಿಶ್ರೀಗಿಂತ ನಾಲ್ಕು ವರ್ಷ ದೊಡ್ಡವಳಿರಬೇಕು. ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಬನಶಂಕರಮ್ಮನನ್ನು ಕೂರಿಸಿ ಬಾಗಿಲು ಹಾಕಿದಳು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಮೊದಮೊದಲು ದಪ್ಪ ದನಿಯ ಸದ್ದುಗಳು ಬಂದವು, ಅವಳು ಒತ್ತಿದಳು. ಆಮೇಲೆ ಏನೂ ಬರಲಿಲ್ಲ. ಕಿಟಕಿಯಾಚೆ ಗಂಡ ಅವಳ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದು ಕಾಣುತ್ತಿತ್ತು. ಅವನ ಮುಖ ಚಿಕ್ಕದಾಗುತ್ತಾ ಹೋದದ್ದು ನೋಡಿದಾಗ, ಸದ್ದು ಬರುತ್ತಲೇ ಇದೆ, ತನಗೆ ಮುಟ್ಟುತ್ತಿಲ್ಲ ಅಂತ ಅವಳಿಗೆ ತಿಳಿಯಿತು.

ಆಮೇಲೆ ಮಾಧವಿ ಒಂದು ರಟ್ಟನ್ನು ಬಾಯಿಗೆ ಅಡ್ಡ ಹಿಡಿದು ಒಂದೊಂದೇ ಮಾತು ಹೇಳಿದಳು. ಹೇಳಿದ್ದನ್ನು ಇವಳು ತಿರುಗಿ ಹೇಳಬೇಕು. "ಬೆಲ್ಲ" ಅಂದರೆ ಇವಳು "ಗಲ್ಲ" ಅಂದಳು. "ಸೊಪ್ಪು" ಅಂದದ್ದು "ಉಪ್ಪು" ಆಯಿತು. "ಕತ್ತಿ" ಅಂದದ್ದು "ಹತ್ತಿ" ಆಯಿತು.

"ನೋಡ್ರಿ ಅಮ್ಮ" ಅಂತ ಮಾಧವಿ ರಟ್ಟು ಇಳಿಸಿ, ಎದುರು ಕೂತು ಹೇಳಿದಳು. "ನಿಮಗ ಸದ್ದು ಕೇಳಂಗಿಲ್ಲ ಅಂತಲ್ಲ. ದಪ್ಪ ಸದ್ದು ಕೇಳ್ತಾವ, ಸಣ್ಣವು ಕೇಳಂಗಿಲ್ಲ. ಮಾತಿನಾಗ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರೋ ಫರಕು ಆ ಸಣ್ಣ ಸದ್ದಿನಾಗೇ ಇರ್ತೈತಿ. ಅದಕ್ಕ ಯಜಮಾನ್ರು ಎಷ್ಟು ಒದರಿದ್ರೂ ಉಪಯೋಗಿಲ್ಲ. ಮಶೀನ್ ಪಕ್ಕ ಅಷ್ಟು ವರ್ಷ ಕೂತದ್ದೂ ಐತಿ, ವಯಸ್ಸೂ ಐತಿ. ಒಳಗಿನ ನರ ಸೊರಗ್ಯಾವ. ಔಷಧಿಯಿಂದ ಬರಂಗಿಲ್ಲ. ಮಶೀನ್ ಹಾಕ್ಕೊಬೇಕು, ಎರಡೂ ಕಿವಿಗೆ."

"ಒಂದು ಸಾಲ್ದಾ?"

ಮಾಧವಿ ವಾದ ಮಾಡಲಿಲ್ಲ. ಎರಡು ಸಣ್ಣ ಯಂತ್ರ ತಂದು, ಕಂಪ್ಯೂಟರಿಗೆ ಜೋಡಿಸಿ ಏನೇನೋ ಹೊಂದಿಸಿ, ಮೊದಲು ಬಲಗಿವಿಗೆ ಒಂದನ್ನೇ ಹಾಕಿದಳು. ಆಮೇಲೆ ಕಣ್ಣು ಮುಚ್ಚಿಕೊಳ್ಳಲು ಹೇಳಿ ಕೋಣೆಯಲ್ಲೆಲ್ಲೋ ಚಪ್ಪಾಳೆ ತಟ್ಟಿದಳು. "ಎಲ್ಲಿದೀನಿ ತೋರಿಸ್ರಿ." ಬನಶಂಕರಮ್ಮ ಬಲಕ್ಕೆ ಕೈ ತೋರಿದಳು. ಕಣ್ಣು ಬಿಟ್ಟರೆ ಮಾಧವಿ ಎಡಗಡೆ ನಿಂತಿದ್ದಳು. ಎರಡನೆಯದನ್ನೂ ಹಾಕಿ ಮತ್ತೆ ತಟ್ಟಿದಾಗ ಕೈ ಸರಿಯಾಗಿ ಅತ್ತಲೇ ಹೋಯಿತು.

"ಈಗ ನೀವು ಒಂದು ಮಾತು ಹೇಳ್ರಿ ಅಪ್ಪ" ಅಂತ ಮಾಧವಿ ಆದಿನಾರಾಯಣನಿಗೆ ಹೇಳಿದಳು. "ಹಿಂದೆ ನಿಂತು, ಒದರದಂಗ. ಮದಲಿಂದ ನಿಮ್ಮ ದನಿ ಹೆಂಗಿತ್ತೋ ಹಂಗ."

ಆದಿನಾರಾಯಣ ಎದ್ದು ಹೆಂಡತಿಯ ಹಿಂದೆ ನಿಂತ. ಪರರೆದುರು ಹೆಂಡತಿಯ ಹತ್ತಿರ ಮೆಲ್ಲಗೆ ಮಾತಾಡಿ ಅವನಿಗೆ ಅಭ್ಯಾಸ ತಪ್ಪಿತ್ತು. ಗಂಟಲು ಸರಿಮಾಡಿಕೊಂಡ. ಕೊನೆಗೆ, "ಹಸಿವಾಗೈತೇನು ಶಂಕ್ರಿ? ಇಡ್ಲಿ ತಿನ್ನಾಣೇನು?" ಅಂದ.

ಬನಶಂಕರಮ್ಮ ತಿರುಗಿ ನೋಡಲಿಲ್ಲ. ಕೂತಲ್ಲೇ ಕೂತಳು. ಅವಳಿಗೆ ನೆನಪಿದ್ದ ಗಂಡನ ದನಿ ನುಣುಪಾಗಿ, ತೆಳ್ಳಗೆ ಇತ್ತು. ಇದು ಒಡೆದ ದನಿ. ನಡುವೆ ಉಸಿರು ತುಂಡಾಗುತ್ತಿತ್ತು, ಕೊನೆಯಲ್ಲಿ ಮೆಲ್ಲಗೆ ಕಂಪಿಸುತ್ತಿತ್ತು. ಯಾವಾಗ ಹೀಗಾಯಿತು? ದಿನಾ ಇದೇ ಮನುಷ್ಯನ ಪಕ್ಕದಲ್ಲಿ ಕೂತು, ಉಂಡು, ಮಲಗಿ ಎದ್ದೂ, ಈ ದನಿ ಮಾಗಿದ್ದು ಅವಳಿಗೆ ತಿಳಿದಿರಲಿಲ್ಲ.

"ಮುದುಕರಾಗಿದ್ದೀರಲ್ರೀ" ಅಂದಳು, ಮತ್ತು ಅತ್ತಳು.

"ಅದನ್ನ ಕೇಳಾಕ ಬಳ್ಳಾರಿಗೆ ಬರಬೇಕಿತ್ತೇನು?" ಅಂದ ಆತ. ಅದೂ ಕೇಳಿಸಿತು.

ಬೆಲೆ ಹೇಳಿದಾಗ ಮಾತ್ರ ಬನಶಂಕರಮ್ಮ ಕಣ್ಣೊರೆಸಿಕೊಂಡು ಎದ್ದೇ ಬಿಟ್ಟಳು. "ಇಷ್ಟರಲ್ಲಿ ಹೊಸಾ ಹೊಲ್ಗೆ ಮಶೀನ್ ಬರ್ತೈತೆ ಕಣ್ರೀ!"

"ಹೊಸಾ ಮಶೀನ್ ಬಂದ್ರ ಸದ್ದು ಇನ್ನೂ ಹೆಚ್ಚಾಗ್ತೈತಿ. ಕುಂದ್ರು" ಅಂದ ಆದಿನಾರಾಯಣ. ಅವನು ಅಷ್ಟು ಖಡಾಖಂಡಿತವಾಗಿ ಹೇಳಿದ ಮಾತುಗಳು ಅವರ ಸಂಸಾರದಲ್ಲೇ ಕಡಿಮೆ. ಅವಳು ಕೂತಳು.

ಯಾವುದನ್ನು ಕೊಳ್ಳುವುದು ಅನ್ನುವಾಗ ಚಿಕ್ಕ ಚರ್ಚೆಯೂ ಆಯಿತು. ಕಿವಿಯೊಳಗೇ ಕೂತು ಯಾರಿಗೂ ಕಾಣದಂಥದ್ದೊಂದಿತ್ತು. ಅವನಿಗೆ ಅದನ್ನೇ ಕೊಡಿಸುವ ಆಸೆ, ಹೆಂಡತಿಗೆ ನಾಚಿಕೆಯಾಗಬಾರದು ಅಂತ. ಆದರೆ ಮಾಧವಿ, ಇವರಿಗೆ ಕಿವಿಯ ಹಿಂದೆ ಕೂರುವುದೇ ಸರಿ, ಬಲ ಸಾಕಾಗುತ್ತದೆ, ಕೆಡುವುದೂ ಕಡಿಮೆ ಅಂದಳು. ಅದಕ್ಕೊಂದು ತೊಡಕಿತ್ತು. ಬನಶಂಕರಮ್ಮ ಮದುವೆಯಾದಾಗಿನಿಂದ ಓಲೆಯ ಜೊತೆಗೆ ಮಾಟಿ ಹಾಕುತ್ತಿದ್ದಳು, ಓಲೆಯಿಂದ ಕಿವಿಯ ಹಿಂದಕ್ಕೆ ಹೋಗಿ ಕೂದಲಿಗೆ ಸಿಕ್ಕಿಸುವ ಬೆಳ್ಳಿಯ ಸರಪಳಿ. ಯಂತ್ರ ಕೂರುವ ಜಾಗದಲ್ಲೇ ಅದು ಹಾದುಹೋಗುತ್ತಿತ್ತು. ಎರಡೂ ಒಂದಕ್ಕೊಂದು ತಾಗಿ ಕರಕರ ಅನ್ನುತ್ತಿತ್ತು.

ಮಾಟಿ ಅವಳ ಅತ್ತೆ ಹಾಕಿದ್ದು. ಒಂದು ನಿಮಿಷ ಅದನ್ನು ಬೆರಳಲ್ಲಿ ಹಿಡಿದು ನೋಡಿದಳು. ಆಮೇಲೆ ಎರಡೂ ಕಡೆ ಬಿಚ್ಚಿ ಗಂಡನ ಅಂಗಿಯ ಜೇಬಿಗೆ ಹಾಕಿದಳು. "ಹಬ್ಬಕ್ಕೆ ಹಾಕ್ಕೊಂಡ್ರಾಯ್ತು. ಕಾಣ್ಸಿದ್ರೆ ಕಾಣ್ಲಿ ಬಿಡಿ, ಹಿಂದೆ ಕೂರೋದೇ ಕೊಡಮ್ಮ."

"ಮದಲ ಹದಿನೈದು ದಿನ ಬ್ಯಾಸರಾಗ್ತೈತಿ" ಅಂತ ಮಾಧವಿ ಎಚ್ಚರಿಸಿದಳು. "ಕಿವಿ ಕೇಳೋದನ್ನ ಮತ್ತ ಕಲೀಬೇಕು. ಕಿತ್ತಿಡಬ್ಯಾಡ್ರಿ. ಹೊಲಿಯೋ ಮುಂದ ಮಾತ್ರ ತಗದಿಟ್ಟು, ಆ ಸದ್ದು ಹೋಗದಂಗ ಕಿವಿಗೆ ಬಿರಡೆ ಹಾಕ್ಕೊಳ್ರಿ."

ಬೇಸರ ಅನ್ನುವುದು ಸಣ್ಣ ಮಾತಾಯಿತು. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲೇ ಅವಳು ಕಿವಿ ಮುಚ್ಚಿಕೊಂಡು ಕೂತುಬಿಟ್ಟಳು. ಮನೆಗೆ ಬಂದರೆ ಸ್ಟೀಲು ತಟ್ಟೆ ಇಟ್ಟರೆ ಸಿಡಿಲು, ಒಗ್ಗರಣೆಗೆ ಸಾಸಿವೆ ಹಾಕಿದರೆ ಪಟಾಕಿ. ತಾನು ಹಪ್ಪಳ ತಿನ್ನುವುದು ತನಗೇ ಹಿಂಸೆ. ಫ್ಯಾನು ಹೀಗೆ ಕಿರುಗುಟ್ಟುತ್ತದೆಂದು ಯಾರೂ ಹೇಳಿರಲಿಲ್ಲ. ನಾಲ್ಕನೇ ದಿನ ಎರಡನ್ನೂ ಕಿತ್ತು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ತಕ್ಷಣ ಎಲ್ಲ ಹತ್ತಿಯೊಳಗೆ ಹೋದ ಹಾಗೆ ಆಯಿತು, ಸುಖವಾಯಿತು. ಅಷ್ಟರಲ್ಲಿ ದುರ್ಗಾ ಬಾಗಿಲಲ್ಲಿ ಬಂದು ಏನೋ ಹೇಳಿದಳು. ಬನಶಂಕರಮ್ಮ ಅಭ್ಯಾಸದಂತೆ ನಗುತ್ತಾ "ಹೂಂ" ಅಂದಳು. ದುರ್ಗಾ ಅಚ್ಚರಿಯಿಂದ ಅವಳನ್ನು ನೋಡಿ, ಹಿಂದೆ ಮುಂದೆ ಮಾಡಿ, ಹೊರಟೇ ಹೋದಳು. ತಾನು ಈಗ ಯಾವುದಕ್ಕೆ ಹೂಂ ಅಂದೆ? ಬನಶಂಕರಮ್ಮ ಡಬ್ಬಿಯ ಮುಚ್ಚಳ ಕಿತ್ತಳು. ಯಂತ್ರ ಹಾಕಿಕೊಂಡು ಓಣಿಯ ತಿರುವಿನವರೆಗೆ ಓಡಿದಳು.

"ದುರ್ಗಾ, ಏನಂದೆ ನೀನು ಈಗ? ನಂಗೆ ಕೇಳಿಸ್ಲಿಲ್ಲ."

"ನಾಳಿಂದ ಕೆಲಸಕ್ಕ ಬರಬ್ಯಾಡೇನಕ್ಕ, ಬಾಬಿನ್ ಒಡದದ್ದಕ್ಕ ಸಿಟ್ಟು ಬಂತೇನು ಅಂತ ಕೇಳಿದ್ನಿ. ನೀವು ನಕ್ಕೋತ ಹೂಂ ಅಂದ್ರಿ" ಅಂದ ದುರ್ಗಾಳ ಕಣ್ಣಲ್ಲಿ ನೀರಿತ್ತು.

ಬನಶಂಕರಮ್ಮ ಅವಳ ಕೈ ಹಿಡಿದು ಮನೆಗೆ ಕರೆತಂದು ಕಾಫಿ ಕೊಟ್ಟಳು. ಕೊಡುವಾಗ ತಾನೇ ಕೂದಲು ಸರಿಸಿ ಕಿವಿ ತೋರಿಸಿದಳು. ಮರುದಿನಕ್ಕೆ ಓಣಿಗೆಲ್ಲ ಸುದ್ದಿಯಾಯಿತು. ಎದುರು ಮನೆಯ ಉಜ್ಜಿನಮ್ಮ ಬಂದು ಯಂತ್ರ ನೋಡಿ, ಹೋಗುವಾಗ ಆದಿನಾರಾಯಣನ ಕಡೆ ತಿರುಗಿ, "ಅಯ್ಯ, ಪಾಪದ ಮನಷಾ ನೀವು. ನಾನು ಏನೇನೋ ಅನ್ಕೊಂಡಿದ್ನ್ರಿ" ಅಂದಳು. ಆತನಿಗೆ ಅದರ ಅರ್ಥ ಆಗಲಿಲ್ಲ.

ದಿನ ಕಳೆದ ಹಾಗೆ ತಟ್ಟೆಯ ಸದ್ದು ತಟ್ಟೆಯಷ್ಟೇ ಆಯಿತು. ಒಂದು ಸೋಮವಾರ ಬೆಳಿಗ್ಗೆ ಬನಶಂಕರಮ್ಮ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಗಂಡ ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಲ್ಲಿ ಇಳಿದು, ಗುಡಿಬಂಡೆಯ ಆಟೋ ಹಿಡಿದು, ತವರಿನ ಅಂಗಳಕ್ಕೆ ಬಂದಾಗ ಹೊತ್ತು ಇಳಿದಿತ್ತು. ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂತು. ಹುಳದ ಮನೆಯಿಂದ, ಸಾವಿರ ಹುಳ ಸೊಪ್ಪು ಮೇಯುವ ಸರಸರ ಸದ್ದೂ ಬಂತು. ಚಿಕ್ಕಂದಿನಲ್ಲಿ ಮಳೆ ಅಂತ ಹೊರಗೆ ಓಡಿ ಬರುತ್ತಿದ್ದ ಸದ್ದು ಅದು. ಎರಡು ನಿಮಿಷ ಅಲ್ಲೇ ನಿಂತಳು.

ಶಿವರಾಮ ನೋಡಿದ. ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನೀರಿನ ಚೊಂಬು ತಂದು ಕಟ್ಟೆಯ ಮೇಲಿಟ್ಟು ಒಳಗೆ ಹೋದ. ಒಳಕೋಣೆಯಿಂದ ರಂಗಕ್ಕ ಗಂಡನಿಗೆ ಪಿಸುಗುಟ್ಟಿದ್ದು ಕೇಳಿಸಿತು.

"ಯಾರು, ನಿಮ್ಮಕ್ಕಾನಾ? ಯಾಕ್ ಬಂದವ್ಳಂತೆ? ಇನ್ನೊಂದ್ ಕಾಲು ಮುರೀತಾ ಇಲ್ವಾ ನೋಡ್ಕೊಂಡು ಹೋಗಾಕಾ?"

ಬನಶಂಕರಮ್ಮ ಬಾಗಿಲಿಗೆ ಹೋಗಿ ನಿಂತಳು. ಮಂಚದ ಮೇಲೆ ರಂಗಕ್ಕ, ಎಡಗಾಲಿಗೆ ಮೊಣಕಾಲಿನವರೆಗೆ ಪಟ್ಟಿ, ತಲೆಗೂದಲು ಗಂಟುಗಂಟು.

"ಅದನ್ನೇ ಗಟ್ಟಿಯಾಗೇ ಹೇಳು ರಂಗಿ. ಬೈಸ್ಕೊಳಾಕೇ ಬಂದಿವ್ನಿ."

ರಂಗಕ್ಕನಿಗೆ ಎರಡು ಸಲ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ. ಆಸ್ಪತ್ರೆಯಲ್ಲಿ ನೋವಿನಲ್ಲೂ "ನಿಮ್ಮಕ್ಕಂಗೆ ಒಂದ್ ಮಾತು ಹೇಳಿ, ಅವ್ಳು ಬಂದ್ರೆ ನಂಗೆ ಧೈರ್ಯ" ಅಂತ ಫೋನ್ ಮಾಡಿಸಿದ್ದು ತಾನೇ ಎಂಬಲ್ಲಿಂದ ಶುರುಮಾಡಿದಳು. ಸಕ್ಕರೆ ಅನ್ನುವ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೆ ಬೈದಳು. ಹಳೆಯದೆಲ್ಲ ಎಳೆದು ತಂದು ಬೈದಳು. ಬನಶಂಕರಮ್ಮ ಕಂಬಕ್ಕೊರಗಿ ನಿಂತು ಒಂದೊಂದು ಮಾತನ್ನೂ ಕೇಳಿಸಿಕೊಂಡಳು. ಸಿಟ್ಟಿನ ಅಡಿಯಲ್ಲಿ ದನಿ ಎಲ್ಲೆಲ್ಲಿ ಅಳುತ್ತಿತ್ತೋ ಅದನ್ನೂ ಕೇಳಿಸಿಕೊಂಡಳು. ಬೈಗುಳ ತೀರಿದ ಮೇಲೆ ಹತ್ತಿರ ಹೋಗಿ, ಮಂಚದ ತುದಿಯಲ್ಲಿ ಕೂತು, ಬಲಗಿವಿಯ ಹಿಂದಿನಿಂದ ಯಂತ್ರ ತೆಗೆದು ಅಂಗೈಯಲ್ಲಿಟ್ಟು ಚಾಚಿದಳು.

"ನಂಗೆ ಕಿವಿ ಕೇಳ್ಸಲ್ಲ ಕಣೇ. ಸುಮಾರು ವರ್ಷ ಆಯ್ತು. ಶಿವ ಬಿದ್ದವ್ಳೆ ಅಂದಿದ್ದು ನಂಗೆ ಗೆದ್ದವ್ಳೆ ಅಂತ ಕೇಳಿಸ್ತು. ಸಂಘಕ್ಕೆ ನೀನು ಲೀಡರ್ ಆದೆ ಅಂದ್ಕೊಂಡೆ. ಪೇಡೆ ಹಂಚ್ಬಿಟ್ಟೆ ಓಣಿಗೆಲ್ಲ."

ರಂಗಕ್ಕ ಯಂತ್ರ ನೋಡಿದಳು, ಅವಳ ಮುಖ ನೋಡಿದಳು, ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದಳು.

"ಪೇಡೆನೂ ಹಂಚಿದ್ಯಾ?"

"ಟ್ಯಾಂಕರ್‌ನೋನಿಗೂ ಕೊಟ್ಟೆ."

ಮೊದಲು ನಕ್ಕದ್ದು ಶಿವರಾಮ. ತಡೆಯಲು ಬಾಯಿಗೆ ಟವೆಲ್ಲು ಒತ್ತಿಕೊಂಡ. ರಂಗಕ್ಕ ನಗಬಾರದೆಂದು ಹಲ್ಲು ಕಚ್ಚಿದಳು, ಆಗಲಿಲ್ಲ. ನಕ್ಕರೆ ಕಾಲು ಅಲುಗಿ ನೋವು, ನೋವಿಗೆ "ಅಮ್ಮಾ" ಅನ್ನುವಳು, ಮತ್ತೆ ನಗು. ನಗು ಮುಗಿದಾಗ ಮಾತ್ರ ನಿಜವಾದ ಸಿಟ್ಟು ಬಂತು ಅವಳಿಗೆ.

"ಅಲ್ಲ ಕಣೇ, ಕೇಳಿಸ್ದಿದ್ರೆ ಕೇಳಿಸ್ಲಿಲ್ಲ ಅನ್ನಾಕೆ ಏನಾಗಿತ್ತು ನಿಂಗೆ? ನನ್ ಹತ್ರ ಏನೇ ನಾಚ್ಕೆ? ಇಷ್ಟ್ ದಿನ ನಾನು ಫೋನಲ್ಲಿ ಹೇಳಿದ್ದೆಲ್ಲ ಗೋಡೆಗೆ ಹೇಳಿದಂಗಾಯ್ತಾ?"

ಬನಶಂಕರಮ್ಮ ತಲೆ ತಗ್ಗಿಸಿದಳು. "ನೀವೆಲ್ಲ ನನ್ನ ಬಿಟ್ಟು ಮಾತಾಡ್ಕೋತೀರೇನೋ ಅಂತ ಭಯ ಆಯ್ತು" ಅಂದಳು. ಗಂಡನಿಗೂ ಹೇಳಿರದ ಮಾತು ಅದು. ರಂಗಕ್ಕ ಯಂತ್ರವನ್ನು ತಾನೇ ತೆಗೆದುಕೊಂಡು, ಕೂದಲು ಸರಿಸಿ, ಅಡ್ಡಾದಿಡ್ಡಿಯಾಗಿ ಅವಳ ಕಿವಿಗೆ ಸಿಕ್ಕಿಸಿದಳು. ಅದು ಕುಯ್ಯೆಂದಿತು. ಬನಶಂಕರಮ್ಮ ನೆಟ್ಟಗೆ ಮಾಡಿಕೊಂಡಳು.

ವಾರ ಇದ್ದು ಹೋಗುವುದೆಂದು ತೀರ್ಮಾನವಾಯಿತು. ರಾತ್ರಿಯೇ ಶಿವರಾಮ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿದ. ವಾಣಿಶ್ರೀ ಅತ್ತೆಗೆ ಕೊಡು ಅಂದಳಂತೆ. ಬನಶಂಕರಮ್ಮ ಫೋನ್ ಹಿಡಿದಾಗ ಆ ಕಡೆಯಿಂದ "ಅತ್ತೆ, ನೀನು ಊಟ ಮಾಡಿದ್ಯಾ?" ಅಂತ ಬಂತು.

ಮರುದಿನ ಬೆಳಿಗ್ಗೆ ಬನಶಂಕರಮ್ಮ ಬಚ್ಚಲ ಒಲೆಗೆ ಉರಿ ಹಾಕಿ ನೀರು ಕಾಯಿಸಿದಳು. ರಂಗಕ್ಕನನ್ನು ಹಿಡಿದು ತಂದು ಕಲ್ಲಿನ ಮೇಲೆ ಕೂರಿಸಿ, ಪಟ್ಟಿಯ ಕಾಲನ್ನು ಮಣೆಯ ಮೇಲಿಟ್ಟು, ಗಂಟುಗಟ್ಟಿದ ತಲೆಗೆ ಎಣ್ಣೆ ತಿಕ್ಕಿ ಸೀಗೆಪುಡಿ ಹಚ್ಚಿದಳು. ನೀರು ಸಿಡಿಯಬಾರದೆಂದು ಯಂತ್ರ ಎರಡನ್ನೂ ತೆಗೆದು ಡಬ್ಬಿಗೆ ಹಾಕಿ ಗೂಡಿನಲ್ಲಿಟ್ಟಿದ್ದಳು. ಮುಂದೆ ಬಾಗಿ ಕೂತ ರಂಗಕ್ಕನಿಗೆ ಅದು ಗೊತ್ತಿಲ್ಲ. ಬಿಸಿನೀರು ಬಿದ್ದ ಸುಖಕ್ಕೆ ಬಾಯಿ ಬಿಚ್ಚಿಕೊಂಡಿತು. ಸಂಘದ ಚುನಾವಣೆ ಹೇಗೆ ನಿಂತುಹೋಯಿತು, ಯಾರು ಯಾರಿಗೆ ಏನೆಂದರು, ಆಸ್ಪತ್ರೆಯಲ್ಲಿ ಪಕ್ಕದ ಮಂಚದವಳ ಸೊಸೆ ಎಂಥವಳು ಅಂತ ಹೇಳುತ್ತಲೇ ಹೋದಳು. ಬನಶಂಕರಮ್ಮನಿಗೆ ಅವಳ ಬೆನ್ನು ಅಲುಗುವುದು ಕಾಣುತ್ತಿತ್ತು, ಮಾತು ಗುಂಗುಂ ಅನ್ನುತ್ತಿತ್ತು. ಕೊನೆಯ ಚೊಂಬು ಸುರಿದು, ತಲೆಗೆ ಟವೆಲ್ಲು ಸುತ್ತಿ, ಅವಳನ್ನು ಬಿಸಿಲಿಗೆ ತಂದು ಕೂರಿಸಿದಳು. ಕೈ ಒರೆಸಿಕೊಂಡು, ಡಬ್ಬಿ ತೆಗೆದು, ಎರಡೂ ಕಿವಿಗೆ ಹಾಕಿಕೊಂಡು ಎದುರಿಗೆ ಬಂದು ಕೂತಳು.

"ಒಂದೂ ಕೇಳಿಸ್ಲಿಲ್ಲ ಕಣೇ" ಅಂದಳು. "ಮೊದ್ಲಿಂದ ಹೇಳು."

ರಂಗಕ್ಕ ಒಂದು ಗಳಿಗೆ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಕಾಲನ್ನು ಸರಿಯಾಗಿ ಚಾಚಿಕೊಂಡು, ಸಂಘದ ಚುನಾವಣೆಯಿಂದಲೇ ಮತ್ತೆ ಶುರುಮಾಡಿದಳು.